ಬರೆಯಲು ವಿಷಯವೆಲ್ಲಿದೆ?

ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನಗಳು ಬೇಕೆಂಬ ಪ್ರಕಟಣೆ ಫಲಕವನ್ನೇರಿದ ಮರುದಿನವೇ ನಮ್ಮ ಪ್ರಯೋಗಶಾಲೆಯ ಬಾಗಿಲಲ್ಲಿ ಮೂವರು ನಾಲ್ವರು ವಿದ್ಯಾರ್ಥಿಗಳು ಬಂದು ನಿಲ್ಲುವುದು ವರ್ಷವರ್ಷದ ವಾಡಿಕೆ. ಅವರೆಲ್ಲರ ಬೇಡಿಕೆಯೂ ಒಂದೇ: "ಸಾರ್, ಬರೆಯಬೇಕೆಂಬ ಆಸೆಯಿದೆ. ಒಂದು ವಿಷಯ ಕೊಡಿ."

ನಾವು ಭೌತಶಾಸ್ತ್ರದ ಅಧ್ಯಾಪಕರು, ಸಾಹಿತಿಗಳಲ್ಲ. ಆದರೂ ಕೇಳಿದವರನ್ನು ಬರಿಗೈಯಲ್ಲಿ ಕಳುಹಿಸಬಾರದೆಂದು ನಾಲಗೆಗೆ ಬಂದ ವಿಷಯವೊಂದನ್ನು ಹೇಳಿ ಕಳುಹಿಸುತ್ತಿದ್ದೆವು. ಕೆಲವು ವರ್ಷಗಳ ಹಿಂದೆ ಎರಡನೆಯ ವರ್ಷದ ಬಿ.ಎಸ್‌ಸಿ. ವಿದ್ಯಾರ್ಥಿಯೊಬ್ಬನು ಹೀಗೆಯೇ ಬಂದನು. ಹೊರಗೆ ಮಳೆ ಸುರಿಯುತ್ತಿತ್ತು. "ಮಳೆಯನ್ನು ಕುರಿತು ಬರೆಯಪ್ಪ" ಎಂದೆವು. ವಾರದೊಳಗೆ ಅವನು ನಾಲ್ಕು ಪುಟಗಳನ್ನು ತಂದೊಪ್ಪಿಸಿದನು. ಮಳೆಯು ಪ್ರಕೃತಿಮಾತೆಯ ವರವೆಂದು ಆರಂಭವಾದ ಪ್ರಬಂಧ ಮಳೆಯಿಲ್ಲದೆ ಬೆಳೆಯಿಲ್ಲ, ಬೆಳೆಯಿಲ್ಲದೆ ಬಾಳಿಲ್ಲ ಎಂಬಲ್ಲಿಗೆ ಮುಗಿದಿತ್ತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಅವನದೆಂಬುದೂ ಏನೂ ಇರಲಿಲ್ಲ.

ಕಾಗದಗಳನ್ನು ಹಿಂದಿರುಗಿಸುತ್ತ, "ನಿಮ್ಮ ಊರಿನಲ್ಲಿ ಮಳೆ ಹೇಗೆ?" ಎಂದು ಸುಮ್ಮನೆ ಕೇಳಿದೆವು. ಹುಡುಗನು ಬಾಯಿಬಿಟ್ಟನು. ಅವನ ಊರಿನಲ್ಲೊಂದು ಕೆರೆ. ಕೆರೆಯ ತೂಬಿನ ಕಲ್ಲುಕಂಬದ ಮೇಲೆ ಹಳೆಯ ಗುರುತುಗಳು. ಮಳೆಗಾಲದಲ್ಲಿ ಊರಿನ ನೀರುಗಂಟಿ ಪ್ರತಿದಿನ ಬೆಳಗ್ಗೆ ಏರಿಯ ಮೇಲೆ ಹೋಗಿ ನೀರು ಎಷ್ಟನೆಯ ಗುರುತನ್ನು ಮುಟ್ಟಿದೆಯೆಂದು ನೋಡಿ ಬರುವನು. ಅವನು ಹೇಳುವ ಒಂದು ಮಾತಿನ ಮೇಲೆ, ಗದ್ದೆಗೆ ಭತ್ತದ ನಾಟಿಯೋ ಅಥವಾ ಆ ವರ್ಷವೂ ರಾಗಿ ಹುರುಳಿಯೋ ಎಂಬುದು ನಿಶ್ಚಯವಾಗುವುದು. ಒಂದು ವರ್ಷ ನೀರು ಆ ಗುರುತಿಗೆ ಒಂದು ಗೇಣು ಕೆಳಗೇ ನಿಂತುಹೋಗಿ, ಅಣ್ಣನ ಓದು ಅಲ್ಲಿಗೇ ನಿಂತಿತು. ಇಷ್ಟನ್ನು ಹೇಳಿ ಅವನು ಕೇಳಿದ ಪ್ರಶ್ನೆಯನ್ನು ನಾವು ಇಂದಿಗೂ ಮರೆತಿಲ್ಲ: "ಇಂಥದನ್ನೆಲ್ಲ ಬರೆಯಬಹುದೇ, ಸಾರ್?"

ತಪ್ಪು ಅವನದಲ್ಲ, ನಮ್ಮದು ಎಂಬುದು ಆಗ ಮನದಟ್ಟಾಯಿತು. ವಿಷಯವೆಂಬುದು ಹೊರಗಿನಿಂದ ಕೊಡತಕ್ಕ ವಸ್ತುವೆಂದು ಅವನು ನಂಬಿದ್ದನು. ನಾವೂ ಹಾಗೆಯೇ ನಂಬಿ ಕೊಟ್ಟಿದ್ದೆವು. ಇಂದಂತೂ ವಿಷಯಗಳಿಗೆ ಬರವೇ ಇಲ್ಲ. ಮೊಬೈಲನ್ನು ತೆರೆದರೆ ಹೊಸ ಲೇಖಕರಿಗಾಗಿ ನೂರಾರು ವಿಷಯಗಳ ಪಟ್ಟಿಗಳು ಕ್ಷಣಾರ್ಧದಲ್ಲಿ ಎದುರಾಗುತ್ತವೆ. ಆದರೂ ಬರೆಯಲು ಕುಳಿತವನ ಕಾಗದ ಬರಿದಾಗಿಯೇ ಉಳಿಯುವುದೇಕೆ? ಇದಕ್ಕೆ ಉತ್ತರವನ್ನು ನಮಗೆ ಪರಿಚಿತವಾದ ಒಂದು ಪ್ರಯೋಗದಿಂದ ಆರಂಭಿಸೋಣ.

ಬೀಜದ ಹರಳು

ಕಲ್ಲುಸಕ್ಕರೆಯನ್ನು ಎಲ್ಲರೂ ತಿಂದಿದ್ದೇವೆ. ಅದರ ನಡುವೆ ಕೆಲವೊಮ್ಮೆ ದಾರವೊಂದು ಸಿಗುವುದನ್ನೂ ಕಂಡಿದ್ದೇವೆ. ಆ ದಾರ ಅಲ್ಲಿಗೆ ಹೇಗೆ ಬಂದಿತು?

100 ಗ್ರಾಂ ನೀರು 20 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲುದು. ಅದೇ ನೀರು ಕುದಿಯುವ ಉಷ್ಣತೆಯಲ್ಲಿ 480 ಗ್ರಾಂಗೂ ಹೆಚ್ಚು ಸಕ್ಕರೆಯನ್ನು ಕರಗಿಸಿಕೊಳ್ಳುವುದು. ಹೀಗೆ ಬಿಸಿಯಲ್ಲಿ ತುಂಬ ಸಕ್ಕರೆಯನ್ನು ಕರಗಿಸಿ, ಪಾಕವನ್ನು ಅಲುಗಿಸದೆ ಆರಲು ಬಿಟ್ಟರೆ, ತಣ್ಣಗಿನ ನೀರು ಹಿಡಿಯಬಹುದಾದ ಪ್ರಮಾಣಕ್ಕಿಂತ ಬಹಳ ಹೆಚ್ಚಿನ ಸಕ್ಕರೆ ಅದರಲ್ಲಿ ಅಡಗಿರುತ್ತದೆ. ಇದಕ್ಕೆ ಅತಿಪರ್ಯಾಪ್ತ ದ್ರಾವಣವೆಂದು ಹೆಸರು. ನೋಡುವುದಕ್ಕೆ ಅದು ಬರಿಯ ದ್ರವ. ಆದರೆ ಅದರೊಳಕ್ಕೆ ಒಂದು ದಾರವನ್ನು, ದಾರದ ತುದಿಗೆ ಒಂದು ಸಣ್ಣ ಸಕ್ಕರೆಯ ಹರಳನ್ನು ಇಳಿಬಿಟ್ಟರೆ, ಕೆಲವು ದಿನಗಳಲ್ಲಿ ಆ ಹರಳನ್ನು ಆಶ್ರಯಿಸಿ ದೊಡ್ಡ ದೊಡ್ಡ ಹರಳುಗಳು ಬೆಳೆಯುತ್ತವೆ. ಈ ಮೊದಲ ಹರಳನ್ನು ಬೀಜದ ಹರಳೆನ್ನುತ್ತಾರೆ.

ಈಗ ಅದೇ ಬೀಜದ ಹರಳನ್ನು ಒಂದು ಲೋಟ ಬರಿಯ ನೀರಿಗೆ ಹಾಕಿರಿ. ಏನಾಗುವುದು? ಏನೂ ಬೆಳೆಯುವುದಿಲ್ಲ, ಹಾಕಿದ ಹರಳೂ ಕರಗಿಹೋಗುತ್ತದೆ.

ಬರೆಯುವವನಿಗೆ ಕೊಡುವ ವಿಷಯವು ಇಂಥ ಬೀಜದ ಹರಳು. ಅದು ಕಥೆಯಲ್ಲ, ಪ್ರಬಂಧವೂ ಅಲ್ಲ. ಮನಸ್ಸಿನಲ್ಲಿ ಮೊದಲೇ ಕರಗಿರುವ ಸಾಮಗ್ರಿಗೆ ಅದು ಒಂದು ಆಶ್ರಯ ಮಾತ್ರ. ದ್ರಾವಣವು ಪರ್ಯಾಪ್ತವಾಗಿಲ್ಲದಿದ್ದರೆ ಎಂತಹ ಒಳ್ಳೆಯ ವಿಷಯವೂ ನಿಷ್ಫಲ. ಇದು ಕೇವಲ ಉಪಮೆಯ ಮಾತಲ್ಲವೆಂಬುದಕ್ಕೆ ಸಾಹಿತ್ಯದ ಇತಿಹಾಸದಲ್ಲಿ ಒಂದು ಸ್ವಾರಸ್ಯವಾದ ನಿದರ್ಶನವಿದೆ. ಅಲ್ಲಿ ಐವರು ಇದ್ದ ಮನೆಯಲ್ಲಿ ಒಂದೇ ದಿನ, ಒಂದೇ ವಿಷಯವನ್ನು ಎಲ್ಲರ ಮುಂದೆಯೂ ಇಡಲಾಯಿತು. ಅದರ ಫಲವೇನಾಯಿತೆಂಬುದನ್ನು ನೋಡೋಣ.

ಬೇಸಗೆಯಿಲ್ಲದ ವರ್ಷ

ಇಂಡೊನೇಷ್ಯದ ಸುಂಬಾವ ದ್ವೀಪದಲ್ಲಿ ತಂಬೋರ ಎಂಬ ಅಗ್ನಿಪರ್ವತವಿದೆ. 1815ನೆಯ ಏಪ್ರಿಲ್ 10ರಂದು ಅದು ಮಹಾಸ್ಫೋಟದಿಂದ ಬಾಯಿಬಿಟ್ಟಿತು. ಪರ್ವತದ ನೆತ್ತಿ ಹಾರಿಹೋಗಿ, ಸುಮಾರು 6 ಕಿಲೋಮೀಟರು ಅಗಲದ ಕುಳಿ ಉಳಿಯಿತು. ಬೂದಿಯೊಡನೆ ಮೇಲಕ್ಕೇರಿದ ಗಂಧಕದ ಡೈಆಕ್ಸೈಡ್ ಅನಿಲವು ವಾಯುಮಂಡಲದ ಮೇಲಿನ ಪದರವಾದ ಸ್ತರಗೋಳವನ್ನು ಸೇರಿ, ಅಲ್ಲಿ ಗಂಧಕಾಮ್ಲದ ಅತಿ ಸೂಕ್ಷ್ಮ ಹನಿಗಳಾಗಿ ಮಾರ್ಪಟ್ಟಿತು. ಬೂದಿ ಬೇಗನೆ ಕೆಳಗಿಳಿಯುತ್ತದೆ. ಆದರೆ ಸ್ತರಗೋಳದಲ್ಲಿ ಮಳೆಯಿಲ್ಲ. ಆದುದರಿಂದ ಈ ಹನಿಗಳನ್ನು ತೊಳೆದುಹಾಕುವುದು ಯಾವುದೂ ಇಲ್ಲ. ಅವು ವರ್ಷಗಟ್ಟಲೆ ತೆರೆಯಂತೆ ಹರಡಿ ನಿಂತು, ಸೂರ್ಯನ ಬೆಳಕಿನ ಒಂದಂಶವನ್ನು ಹಿಂದಕ್ಕೆ ಚದರಿಸಿದುವು. ಭೂಮಿಯ ಸರಾಸರಿ ಉಷ್ಣತೆ ಅರ್ಧ ಡಿಗ್ರಿಯ ಆಸುಪಾಸು ಇಳಿಯಿತು. ಸರಾಸರಿಯಲ್ಲಿ ಅರ್ಧ ಡಿಗ್ರಿಯೆಂದರೆ ಅಲ್ಪವೆಂದು ತೋರಬಹುದು. ಆದರೆ 1816ರ ಜೂನ್ ತಿಂಗಳಲ್ಲಿ ಅಮೆರಿಕದ ಈಶಾನ್ಯ ಪ್ರಾಂತಗಳಲ್ಲಿ ಹಿಮ ಬಿದ್ದಿತು. ಯೂರೋಪಿನಲ್ಲಿ ಎಡೆಬಿಡದ ಚಳಿಮಳೆಯಿಂದ ಬೆಳೆಗಳು ಕೊಳೆತು ಕ್ಷಾಮ ತಲೆದೋರಿತು. ಬೇಸಗೆಯಿಲ್ಲದ ವರ್ಷವೆಂದೇ ಆ ವರ್ಷ ಪ್ರಸಿದ್ಧವಾಗಿದೆ.

ಆ ಜೂನ್ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಡದ ಮನೆಯೊಂದರಲ್ಲಿ ಇಂಗ್ಲೆಂಡಿನ ಐವರು ಮಳೆಯ ಕಾರಣದಿಂದ ಹೊರಗೆ ಹೋಗಲಾರದೆ ಸೇರಿದ್ದರು. ಮನೆಯನ್ನು ಬಾಡಿಗೆಗೆ ಹಿಡಿದಿದ್ದವನು ಪ್ರಸಿದ್ಧ ಕವಿ ಬೈರನ್. ಅವನ ವೈದ್ಯ ಪೊಲಿಡೊರಿ. ನೆರೆಯಲ್ಲೇ ತಂಗಿದ್ದ ಕವಿ ಷೆಲ್ಲಿ. ಷೆಲ್ಲಿಯ ಸಂಗಾತಿ ಮೇರಿ. ಆಕೆಯ ಮಲತಂಗಿ ಕ್ಲೇರ್. ಮೇರಿಯ ವಯಸ್ಸು ಆಗ ಹದಿನೆಂಟು. ಎಂದರೆ, ಈ ಲೇಖನವನ್ನು ಓದುತ್ತಿರುವ ಕಾಲೇಜು ವಿದ್ಯಾರ್ಥಿನಿಯ ವಯಸ್ಸೇ. ಕಾಲ ಕಳೆಯಲು ಅವರು ಜರ್ಮನ್ ಭೂತಪ್ರೇತಗಳ ಕಥೆಗಳನ್ನು ಓದುತ್ತಿದ್ದರು. ಒಂದು ಸಂಜೆ ಬೈರನ್ನನು, ಪ್ರತಿಯೊಬ್ಬರೂ ಒಂದೊಂದು ಪ್ರೇತದ ಕಥೆಯನ್ನು ಬರೆಯೋಣವೆಂದು ಸೂಚಿಸಿದನು. ಎಲ್ಲರೂ ಒಪ್ಪಿದರು.

ಯೂರೋಪಿನಲ್ಲೆಲ್ಲ ಕೀರ್ತಿ ಪಡೆದಿದ್ದ ಬೈರನ್ನನು ಸ್ವಲ್ಪ ಬರೆದು ಕೈಬಿಟ್ಟನು. ಷೆಲ್ಲಿಯದು ಮುಂದುವರಿಯಲೇ ಇಲ್ಲ. ಪೊಲಿಡೊರಿಯು ಬೈರನ್ನನ ತುಣುಕನ್ನು ಆಧರಿಸಿ ರಕ್ತ ಹೀರುವ ಪ್ರೇತದ ಕಥೆಯೊಂದನ್ನು ಬರೆದನು. ಅದು 1819ರಲ್ಲಿ ಅಚ್ಚಾಯಿತು. ಮೇರಿಗಾದರೋ ಏನೂ ಹೊಳೆಯಲಿಲ್ಲ. ಕಥೆ ಹೊಳೆಯಿತೇ ಎಂದು ಪ್ರತಿದಿನ ಬೆಳಗ್ಗೆ ತನ್ನನ್ನು ಕೇಳುತ್ತಿದ್ದರೆಂದೂ, ಪ್ರತಿದಿನವೂ ಇಲ್ಲವೆಂದು ಹೇಳಿ ತಲೆತಗ್ಗಿಸಬೇಕಾಗುತ್ತಿತ್ತೆಂದೂ ಆಕೆ ಹದಿನೈದು ವರ್ಷಗಳ ಅನಂತರ, 1831ರಲ್ಲಿ, ನೆನೆದು ಬರೆದಿದ್ದಾಳೆ. ಬರೆಯಲು ಕುಳಿತು ಬೆಪ್ಪಾಗಿರುವ ತರುಣ ಮಿತ್ರರು ಈ ಸಂಗತಿಯನ್ನು ಅವಶ್ಯವಾಗಿ ಮನಸ್ಸಿನಲ್ಲಿಡಬೇಕು. ಕೊನೆಗೆ ಒಂದು ರಾತ್ರಿ ನಿದ್ದೆಯಿಲ್ಲದೆ ಮಲಗಿದ್ದಾಗ, ಮುಚ್ಚಿದ ಕಿಟಕಿಯ ಸಂದಿನಲ್ಲಿ ಬೆಳುದಿಂಗಳು ನುಸುಳುತ್ತಿರಲು, ಆಕೆಯ ಕಣ್ಣಮುಂದೆ ಒಂದು ಚಿತ್ರ ಮೂಡಿತು: ಶವಗಳ ಅಂಗಗಳಿಂದ ತಾನು ಜೋಡಿಸಿದ ಆಕೃತಿಯಲ್ಲಿ ಚಲನೆ ಕಾಣಿಸಿಕೊಂಡುದನ್ನು ನೋಡಿ ಭಯದಿಂದ ನಡುಗುತ್ತಿರುವ ಒಬ್ಬ ತರುಣ ವಿದ್ಯಾರ್ಥಿ. ಅದೇ ಫ್ರಾಂಕೆನ್‌ಸ್ಟೈನ್ ಎಂಬ ಕಾದಂಬರಿಯ ಮೊಳಕೆ. 1818ರ ಜನವರಿ 1ರಂದು, ಲೇಖಕಿಯ ಹೆಸರೇ ಇಲ್ಲದೆ, 500 ಪ್ರತಿಗಳಲ್ಲಿ ಅದು ಹೊರಬಂದಿತು. ವಿಜ್ಞಾನವನ್ನು ಆಧರಿಸಿದ ಕಾದಂಬರಿಗಳ ಪರಂಪರೆಯನ್ನು ಅದರಿಂದಲೇ ಎಣಿಸುವವರು ಬಹಳ.

ಬೆಳುದಿಂಗಳಿನ ಮಾತು ಬಂದುದರಿಂದ ಭೌತಶಾಸ್ತ್ರದವರಿಗೆ ಪ್ರಿಯವಾದ ಒಂದು ಸಂಗತಿಯನ್ನು ಹೇಳದೆ ಇರಲಾರೆವು. ಮೇರಿಯ ನೆನಪು ನಿಜವಲ್ಲ, ಕಥೆಗೆ ಕಟ್ಟಿದ ಕಥೆಯೆಂದು ಕೆಲವು ವಿದ್ವಾಂಸರು ಶಂಕಿಸಿದ್ದರು. ಅಮೆರಿಕದ ಟೆಕ್ಸಾಸಿನ ಖಗೋಲಶಾಸ್ತ್ರಜ್ಞ ಡೊನಾಲ್ಡ್ ಓಲ್ಸನ್ನರು ತಮ್ಮ ಸಂಗಡಿಗರೊಡನೆ ಆ ಸ್ಥಳಕ್ಕೇ ಹೋಗಿ, ಮನೆಯ ಹಿಂದಿನ ಇಳಿಜಾರು ಆಕಾಶವನ್ನು ಎಷ್ಟೆತ್ತರದವರೆಗೆ ಮರೆಮಾಡುವುದೆಂದು ಅಳೆದು, 1816ರ ಜೂನ್ ತಿಂಗಳ ಚಂದ್ರನ ಸ್ಥಾನಗಳನ್ನು ಲೆಕ್ಕಹಾಕಿದರು. ಹುಣ್ಣಿಮೆ ಕಳೆದು ಕೆಲವು ದಿನಗಳಾಗಿದ್ದುದರಿಂದ ಚಂದ್ರೋದಯ ತಡವಾಗಿತ್ತು. ಜೂನ್ 16ರ ಬೆಳಗಿನ ಜಾವ ಎರಡು ಗಂಟೆಯ ಹೊತ್ತಿಗೆ ಚಂದ್ರನು ಇಳಿಜಾರನ್ನು ದಾಟಿ ಕಿಟಕಿಯ ಮೇಲೆ ಬೆಳಕು ಚೆಲ್ಲಿರಬೇಕೆಂದು ಅವರು 2011ರಲ್ಲಿ ಪ್ರಕಟಿಸಿದರು. ಆಕೆ ಕಂಡುದನ್ನು ಕಂಡಂತೆಯೇ ಬರೆದಿದ್ದಳು. ಆದುದರಿಂದಲೇ ಸುಮಾರು ಇನ್ನೂರು ವರ್ಷಗಳ ಬಳಿಕವೂ ಅದನ್ನು ಪರೀಕ್ಷಿಸುವುದು ಸಾಧ್ಯವಾಯಿತು.

ದ್ರಾವಣದಲ್ಲಿ ಏನಿತ್ತು?

ಐವರಿಗೂ ಬೀಜದ ಹರಳು ಒಂದೇ ಆಗಿತ್ತು. ಹದಿನೆಂಟು ವರ್ಷದ ಹುಡುಗಿಯ ಮನಸ್ಸಿನಲ್ಲಿ ಮಾತ್ರ ಅದು ಇಷ್ಟು ದೊಡ್ಡದಾಗಿ ಬೆಳೆದುದೇಕೆ? ಆ ದ್ರಾವಣದಲ್ಲಿ ಕರಗಿದ್ದುದನ್ನು ಪರಿಶೀಲಿಸೋಣ.

ಮೊದಲನೆಯದು, ಆ ಕಾಲದ ವಿಜ್ಞಾನ. ಇಟಲಿಯ ಗಾಲ್ವಾನಿ ಎಂಬಾತನು ಸತ್ತ ಕಪ್ಪೆಯ ಕಾಲಿಗೆ ಲೋಹಗಳನ್ನು ಸೋಕಿಸಿದಾಗ ಅದು ಸೆಟೆದುಕೊಳ್ಳುವುದನ್ನು ಕಂಡು 1791ರಲ್ಲಿ ಪ್ರಕಟಿಸಿದ್ದನು. ಅದನ್ನು ಕುರಿತ ವಾದವಿವಾದದಿಂದಲೇ 1800ರಲ್ಲಿ ವೋಲ್ಟಾನ ವಿದ್ಯುತ್ಕೋಶ ಹುಟ್ಟಿತು. ಗಾಲ್ವಾನಿಯ ಸೋದರಳಿಯ ಆಲ್ಡೀನಿಯು 1803ರಲ್ಲಿ ಲಂಡನ್ನಿನಲ್ಲಿ, ಗಲ್ಲಿಗೇರಿದ ಅಪರಾಧಿಯೊಬ್ಬನ ಶವಕ್ಕೆ ವಿದ್ಯುತ್ತನ್ನು ಹಾಯಿಸಿ, ಅದರ ದವಡೆ ಅದುರುವುದನ್ನೂ ಕಣ್ಣು ತೆರೆಯುವುದನ್ನೂ ಜನರಿಗೆ ತೋರಿಸಿದ್ದನು. ಜೀವವೆಂದರೆ ವಿದ್ಯುತ್ತೇ? ಸತ್ತುದನ್ನು ಎಬ್ಬಿಸಬಹುದೇ? ಬೈರನ್ನನೂ ಷೆಲ್ಲಿಯೂ ರಾತ್ರಿ ಬಹು ಹೊತ್ತಿನವರೆಗೆ ಇದನ್ನೇ ಚರ್ಚಿಸುತ್ತಿದ್ದರು. ಮೇರಿ ಹೆಚ್ಚು ಮಾತನಾಡದೆ ಆಲಿಸುತ್ತಿದ್ದಳು. ಮಾತನಾಡಿದವರು ಬರೆಯಲಿಲ್ಲ, ಆಲಿಸಿದವಳು ಬರೆದಳು.

ಎರಡನೆಯದು, ಆಕೆಯ ಸ್ವಂತ ದುಃಖ. ಮೇರಿ ಹುಟ್ಟಿದ ಕೆಲವೇ ದಿನಗಳಲ್ಲಿ ಆಕೆಯ ತಾಯಿ ತೀರಿಕೊಂಡಿದ್ದಳು. 1815ರ ಫೆಬ್ರವರಿಯಲ್ಲಿ ದಿನ ತುಂಬದೆ ಹುಟ್ಟಿದ ಆಕೆಯ ಚೊಚ್ಚಲ ಮಗು ಎರಡು ವಾರವೂ ಬದುಕಲಿಲ್ಲ. ಕೆಲವು ದಿನಗಳ ಬಳಿಕ ಆಕೆ ತನ್ನ ದಿನಚರಿಯಲ್ಲಿ ಒಂದು ಕನಸನ್ನು ಗುರುತು ಹಾಕಿದಳು: ಮಗು ಸತ್ತಿರಲಿಲ್ಲ, ಚಳಿಯಿಂದ ತಣ್ಣಗಾಗಿತ್ತಷ್ಟೆ, ಬೆಂಕಿಯ ಮುಂದೆ ಮೈ ಉಜ್ಜಿದಾಗ ಉಸಿರಾಡಿತು. ಎಚ್ಚರವಾದಾಗ ಮಗು ಇರಲಿಲ್ಲ. ಸತ್ತುದು ಮತ್ತೆ ಎದ್ದೀತೇ ಎಂಬುದು ಆ ಕವಿಗಳಿಗೆ ಸಂಜೆಯ ಚರ್ಚೆಯ ವಿಷಯವಾಗಿತ್ತು. ಈ ತಾಯಿಗಾದರೋ ಅದು ಕನಸಿನಲ್ಲಿಯೂ ಬಿಡದ ಪ್ರಶ್ನೆಯಾಗಿತ್ತು. ಕಾದಂಬರಿಗೆ ಈ ಕನಸೇ ಏಕೈಕ ಕಾರಣವೆಂದು ಯಾರೂ ಸಾಧಿಸಲಾರರು. ಆದರೆ ವಿಜ್ಞಾನದ ಪ್ರಶ್ನೆಯೂ ಬದುಕಿನ ಪ್ರಶ್ನೆಯೂ ಒಂದೇ ಮನಸ್ಸಿನಲ್ಲಿ ಕರಗಿದ್ದುವೆಂಬುದು ಸ್ಪಷ್ಟ.

ಮೂರನೆಯದು, ಅನಂತರದ ಪರಿಶ್ರಮ. ಚಿತ್ರ ಹೊಳೆದ ಮಾತ್ರಕ್ಕೆ ಕಾದಂಬರಿ ಆಗಲಿಲ್ಲ. ಜುಲೈ ತಿಂಗಳಲ್ಲಿ ಆಕೆ ಆಲ್ಪ್ಸ್ ಪರ್ವತದ ಹಿಮನದಿಯನ್ನು ಹತ್ತಿ ನೋಡಿದಳು. ಅದೇ ಹಿಮದ ಬಯಲು ಕಾದಂಬರಿಯಲ್ಲಿ ಬಂದಿದೆ. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಯ ಗ್ರಂಥವನ್ನು ಓದಿದಳು. ಆಕೆಯ ಹಸ್ತಪ್ರತಿಯ ಬಹುಭಾಗ ಇಂದಿಗೂ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಹೊಡೆದುಹಾಕಿದ, ತಿದ್ದಿದ, ಷೆಲ್ಲಿಯ ಸೂಚನೆಗಳನ್ನು ಅಂಚಿನಲ್ಲಿ ಹೊತ್ತ ಪುಟಗಳು. 1831ರ ಮುದ್ರಣಕ್ಕೆ ಆಕೆ ಅದನ್ನು ಮತ್ತೊಮ್ಮೆ ತಿದ್ದಿದಳು.

ನಮ್ಮ ನೆರೆಯಲ್ಲಿ, ನಮ್ಮ ನುಡಿಯಲ್ಲಿ

ಇದೆಲ್ಲ ದೂರದ ದೇಶದ ಮಾತಾಯಿತೆಂದು ಯಾರೂ ಭಾವಿಸಬೇಕಾಗಿಲ್ಲ. ಖಗೋಲವಿಜ್ಞಾನಿ ಜಯಂತ ನಾರಳೀಕರರು 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ಒಂದು ಕಥೆಯನ್ನು ಕಳುಹಿಸಿದರು. ಹೆಸರನ್ನು ನೋಡಿ ಬಹುಮಾನ ಕೊಡಬಾರದೆಂದು ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುಗಿಸಿ ಬೇರೊಂದು ಹೆಸರನ್ನು ಹಾಕಿದರು. ಅಕ್ಷರದ ಗುರುತು ಸಿಗಬಾರದೆಂದು ಪತ್ನಿಯ ಕೈಯಲ್ಲಿ ಪ್ರತಿ ಬರೆಸಿದರು. ಕಪ್ಪುರಂಧ್ರವನ್ನು ಕುರಿತ ಆ ಕಥೆಗೆ ಮೊದಲನೆಯ ಬಹುಮಾನ ಬಂದಿತು. ಇಲ್ಲಿಯೂ ಸ್ಪರ್ಧೆ ಬರಿಯ ಬೀಜದ ಹರಳು. ದ್ರಾವಣವಾದರೋ ಅನೇಕ ವರ್ಷಗಳ ಗುರುತ್ವಾಕರ್ಷಣದ ಅಧ್ಯಯನ.

ಕನ್ನಡದಲ್ಲಿ ವಿಜ್ಞಾನವನ್ನು ಬರೆಯಲು ಶಬ್ದಗಳಿಲ್ಲವೆಂದು ವಿದ್ಯಾರ್ಥಿಗಳು ಹೇಳುವುದುಂಟು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ "ವಿಜ್ಞಾನ" ಎಂಬ ಮಾಸಪತ್ರಿಕೆಯನ್ನು ಹೊರಡಿಸಿದಾಗ ಶಬ್ದಗಳು ಇಂದಿಗಿಂತ ಎಷ್ಟೋ ಕಡಮೆ. ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದರೆಂಬುದು ನಮಗೆ ಹೆಮ್ಮೆಯ ಸಂಗತಿ. ಪತ್ರಿಕೆ ಬಹುಕಾಲ ನಡೆಯಲಿಲ್ಲ. ಆದರೆ ದಾರಿ ತೆರೆಯಿತು. 1936ರಲ್ಲಿ ಶಿವರಾಮ ಕಾರಂತರು ಮಕ್ಕಳಿಗಾಗಿ ಬಾಲಪ್ರಪಂಚದ ಮೂರು ಸಂಪುಟಗಳನ್ನು ತಂದರು. ಸಸ್ಯಶಾಸ್ತ್ರದ ಪ್ರಾಧ್ಯಾಪಕ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಗಿಡಮರಗಳನ್ನು ಅರಸಿ ಕಾಡುಗಳನ್ನು ಸುತ್ತಿದ ಅನುಭವವನ್ನೇ ತಮ್ಮ ಕೈಯ ಚಿತ್ರಗಳೊಡನೆ "ಹಸುರು ಹೊನ್ನು" ಎಂಬ ಪುಸ್ತಕವಾಗಿಸಿದರು. ಅದಕ್ಕೆ 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಪ್ರತಿದಿನದ ಪಾಠವೇ ಸಾಹಿತ್ಯವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಐದು ಅಭ್ಯಾಸಗಳು

ಬರಿಯ ಉಪದೇಶದಿಂದ ಪ್ರಯೋಜನವಿಲ್ಲ, ಪ್ರಯೋಗ ಬೇಕು. ದ್ರಾವಣವನ್ನು ತುಂಬಿಸುವ, ಅದರೊಡನೆ ಬೀಜದ ಹರಳನ್ನೂ ಒದಗಿಸುವ ಐದು ಅಭ್ಯಾಸಗಳನ್ನು ಇಲ್ಲಿ ಕೊಡುತ್ತೇವೆ. ಐದನ್ನೂ ಮಾಡಬೇಕಾಗಿಲ್ಲ, ಒಂದನ್ನು ಆರಿಸಿಕೊಂಡು ಕೊನೆಯವರೆಗೆ ಮಾಡಿದರೆ ಸಾಕು.

ಒಂದು: ಪ್ರಕೃತಿಯ ಒಂದೇ ಒಂದು ನಿಯಮವನ್ನು ಬದಲಿಸಿ, ಮಿಕ್ಕವನ್ನೆಲ್ಲ ಹಾಗೆಯೇ ಬಿಡಿರಿ. ನಾಳೆ ಬೆಳಗ್ಗೆ ಆರು ಗಂಟೆಗೆ ನಿಮ್ಮ ಮನೆಯಲ್ಲಿ ಒಂದು ನಿಮಿಷದ ಕಾಲ ಘರ್ಷಣೆಯೇ ಇಲ್ಲವಾಯಿತೆಂದು ಭಾವಿಸಿರಿ. ನಿಂತವರು ಹೆಜ್ಜೆಯಿಡಲಾರರು. ಗೋಡೆಯ ಮೊಳೆ ಜಾರುವುದು; ಹಗ್ಗದ ಗಂಟು ಬಿಚ್ಚುವುದು; ಬಟ್ಟೆಯ ನೂಲುಗಳನ್ನು ಹಿಡಿದಿರುವುದೂ ಘರ್ಷಣೆಯೇ. ಗುರುತ್ವವಾದರೋ ಇದ್ದೇ ಇದೆ. ಕೈಜಾರಿದ ಪಾತ್ರೆ ಬಿದ್ದೇ ಬೀಳುವುದು. ಒಲೆಯ ಮುಂದೆ ನಿಂತಿರುವ ತಾಯಿಗೆ, ಮೆಟ್ಟಿಲಿಳಿಯುತ್ತಿರುವ ಅಜ್ಜನಿಗೆ ಆ ನಿಮಿಷ ಹೇಗೆ ಕಳೆಯಿತು? ಒಂದು ಸುಳ್ಳಿಗೆ ಮಾತ್ರ ಅವಕಾಶ. ಉಳಿದುದೆಲ್ಲ ಲೆಕ್ಕಕ್ಕೆ ಸರಿಯಾಗಿರಬೇಕು. ವಿಜ್ಞಾನದ ಕಥೆಗೆ ಇದೇ ಮೊದಲ ಶಿಸ್ತು.

ಎರಡು: ಒಂದೇ ವಸ್ತುವನ್ನು ಬಹುದಿನ ನೋಡಿರಿ. ಅಂಗಳದಲ್ಲಿ ಒಂದು ಕೋಲನ್ನು ನೆಟ್ಟು ನಡುಹಗಲಿನ ನೆರಳಿನ ತುದಿಯನ್ನು ಪ್ರತಿದಿನ ಗುರುತು ಮಾಡಿರಿ. ಕರ್ನಾಟಕವು ಕರ್ಕಾಟಕ ಸಂಕ್ರಾಂತಿವೃತ್ತದ ದಕ್ಷಿಣಕ್ಕಿರುವುದರಿಂದ ನಮ್ಮಲ್ಲಿ ವರ್ಷಕ್ಕೆ ಎರಡು ದಿನ ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಆ ಕೋಲಿಗೆ ನೆರಳೇ ಇರುವುದಿಲ್ಲ. ನಿಮ್ಮ ಊರಿನಲ್ಲಿ ಅದು ಯಾವ ದಿನ? ನೆರಳು ಕಾಣದಾದ ಆ ಗಳಿಗೆಯಲ್ಲಿ ಅಂಗಳದಲ್ಲಿ ಯಾರು ಏನು ಮಾಡುತ್ತಿದ್ದರು?

ಮೂರು: ಒಬ್ಬರಿಗಾಗಿ ಬರೆಯಿರಿ. ದೋಸೆಯ ಕಾವಲಿ ಕಾದಿದೆಯೇ ಎಂದು ನೋಡಲು ಅಜ್ಜಿ ನೀರು ಚಿಮುಕಿಸುತ್ತಾರೆ. ಅಷ್ಟಾಗಿ ಕಾಯದ ಕಾವಲಿಯ ಮೇಲೆ ನೀರು ಚುಯ್ಯೆಂದು ಆವಿಯಾಗುತ್ತದೆ; ಬಹಳ ಕಾದ ಕಾವಲಿಯ ಮೇಲೆ ಹನಿಗಳು ಬೇಗ ಆರದೆ ಮುತ್ತಿನಂತೆ ಕುಣಿದಾಡುತ್ತವೆ. ಹೆಚ್ಚು ಕಾದರೆ ಬೇಗ ಆರಬೇಕಲ್ಲವೇ? ಹನಿಯ ಕೆಳಗೆ ತತ್‌ಕ್ಷಣ ಉಂಟಾದ ಆವಿಯ ಹಾಸು ಶಾಖವನ್ನು ತಡೆಯುವುದೇ ಇದಕ್ಕೆ ಕಾರಣ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ ಇದನ್ನು 1756ರಲ್ಲಿ ವಿವರಿಸಿದನು. ಇದನ್ನು ನಿಮ್ಮ ಅಜ್ಜಿಗೆ ಒಂದು ಪತ್ರವಾಗಿ ಬರೆಯಿರಿ. ಅವರಿಗೆ ತಿಳಿಯದ ಒಂದು ಶಬ್ದವೂ ಅದರಲ್ಲಿರಬಾರದು. ಅವರಿಗೆ ಈಗಾಗಲೇ ತಿಳಿದಿರುವುದನ್ನು ಅವರಿಂದಲೇ ಕೇಳಿ ಸೇರಿಸಬೇಕು.

ನಾಲ್ಕು: ಕೈಕೆಲಸದವರನ್ನು ಕೇಳಿರಿ. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಹೊದಿಸುವ ಕಮ್ಮಾರರು ಈಗ ವಿರಳ. ಇದ್ದರೆ ಹೋಗಿ ನೋಡಿರಿ. ಒಂದು ಮೀಟರು ವ್ಯಾಸದ ಪಟ್ಟಿಯನ್ನು 500 ಡಿಗ್ರಿಯಷ್ಟು ಕಾಯಿಸಿದರೆ ಅದರ ಸುತ್ತಳತೆ ಸುಮಾರು 19 ಮಿಲಿಮೀಟರು ಹಿಗ್ಗುವುದು. ಆರಿದಾಗ ಚಕ್ರವನ್ನು ಬಿಗಿದು ಹಿಡಿಯುವುದು. ಲೆಕ್ಕ ನಮಗೆ ಗೊತ್ತು. ಆದರೆ ಪಟ್ಟಿಯನ್ನು ಎಷ್ಟು ಚಿಕ್ಕದಾಗಿ ಮಾಡಬೇಕೆಂದು, ಬೆಂಕಿಯ ಬಣ್ಣ ಯಾವುದಾದಾಗ ತೆಗೆಯಬೇಕೆಂದು ಅವರಿಗೆ ಗೊತ್ತು. ಈ ಎರಡು ತಿಳಿವಳಿಕೆಗಳೂ ಒಂದೇ ಪುಟದಲ್ಲಿ ಸೇರಿದರೆ ಅದೊಂದು ಲೇಖನ.

ಐದು: ಸೋತ ಪ್ರಯೋಗವೊಂದನ್ನು ಬರೆಯಿರಿ. ಪ್ರಯೋಗಶಾಲೆಯಲ್ಲಿ ಬರಬೇಕಾದ ಉತ್ತರ ಬಾರದಿದ್ದಾಗ ಅಂಕಿಗಳನ್ನು ತಿದ್ದಿ ಪುಸ್ತಕದ ಉತ್ತರಕ್ಕೆ ಸರಿಹೊಂದಿಸುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ ಇಲ್ಲವೆನ್ನಲಾರೆವು. ಹಾಗೆ ತಿದ್ದದೆ, ಏನಾಯಿತೋ ಅದನ್ನೇ, ತಪ್ಪು ಎಲ್ಲಿತ್ತೆಂದು ಹುಡುಕಿದ ಬಗೆಯನ್ನೇ ಬರೆಯಿರಿ. ನಿಜ ಹೇಳುವ ರೂಢಿ ಕೈಗೆ ಬಂದರೆ ಶೈಲಿ ತಾನಾಗಿಯೇ ಬರುತ್ತದೆ.

ಬರೆದ ಮೇಲೆ

ಬರೆದುದನ್ನು ಎರಡು ದಿನ ಮುಚ್ಚಿಡಿರಿ. ಅನಂತರ ಗಟ್ಟಿಯಾಗಿ ಓದಿರಿ. ನಾಲಗೆ ತೊಡರುವಲ್ಲಿ ವಾಕ್ಯ ಸರಿಯಿಲ್ಲವೆಂದು ತಿಳಿಯಿರಿ. ಮೊದಲನೆಯ ಪ್ಯಾರಾವನ್ನು ಕೈಯಿಂದ ಮರೆಮಾಡಿ, ಎರಡನೆಯದರಿಂದ ಓದಿ ನೋಡಿರಿ. ನಷ್ಟವೇನೂ ಆಗದಿದ್ದರೆ ಮೊದಲನೆಯದನ್ನು ಹೊಡೆದುಹಾಕಿರಿ. ಯಾರಾದರೂ ಬರೆಯಬಹುದಾಗಿದ್ದ ವಾಕ್ಯ ಯಾವುದು, ನೀವು ಮಾತ್ರ ಬರೆಯಬಹುದಾಗಿದ್ದುದು ಯಾವುದು ಎಂದು ಗುರುತು ಹಾಕಿರಿ. ಎರಡನೆಯ ಬಗೆಯ ವಾಕ್ಯ ಪುಟಕ್ಕೆ ಒಂದೂ ಇಲ್ಲದಿದ್ದರೆ, ದ್ರಾವಣ ಇನ್ನೂ ತೆಳುವಾಗಿದೆಯೆಂದು ಅರ್ಥ. ಆಗ ಹೊಸ ವಿಷಯವನ್ನು ಹುಡುಕಬೇಡಿರಿ. ಅದೇ ವಿಷಯವನ್ನು ಕುರಿತು ಇನ್ನಷ್ಟು ನೋಡಿರಿ, ಕೇಳಿರಿ, ಓದಿರಿ.

ಮತ್ತೊಂದು ಎಚ್ಚರಿಕೆಯೂ ಅಗತ್ಯ. ಬೇರೆಯವರಿಂದಲೋ ಯಂತ್ರದಿಂದಲೋ ಸಿದ್ಧ ಪ್ರಬಂಧವನ್ನು ಪಡೆದು ಹೆಸರು ಹಾಕುವುದು ಇಂದು ಬಹು ಸುಲಭ. ಅಂಗಡಿಯಿಂದ ತಂದ ಕಲ್ಲುಸಕ್ಕರೆಯೂ ಸಿಹಿಯೇ. ಆದರೆ ಅದನ್ನು ತಂದವನಿಗೆ ಹರಳು ಹೇಗೆ ಬೆಳೆಯಿತೆಂಬುದು ಎಂದಿಗೂ ತಿಳಿಯದು.

ಆ ಹುಡುಗನ ಮಾತನ್ನು ಅರ್ಧಕ್ಕೇ ಬಿಟ್ಟೆವು. ಇಂಥದನ್ನೆಲ್ಲ ಬರೆಯಬಹುದೇ ಎಂದು ಕೇಳಿದವನಿಗೆ ನಾವು ಹೊಸ ವಿಷಯವನ್ನು ಕೊಡಲಿಲ್ಲ. ಒಂದು ಪ್ರಶ್ನೆಯನ್ನು ಮಾತ್ರ ಕೇಳಿದೆವು. ಕೆಳಗಿನ ಗುರುತುಗಳನ್ನು ನೀರು ಬೇಗ ಬೇಗ ಏರುವುದೆಂದೂ, ಮೇಲಿನ ಗುರುತುಗಳಿಗೆ ವಾರಗಟ್ಟಲೆ ಮಳೆ ಬೇಕೆಂದೂ ಅವನೇ ಹೇಳಿದ್ದನು. ಅದೇಕೆ? ಅವನು ರಜೆಯಲ್ಲಿ ಊರಿಗೆ ಹೋಗಿ ನೀರುಗಂಟಿಯೊಡನೆ ನಾಲ್ಕು ದಿನ ಏರಿಯ ಮೇಲೆ ನಡೆದಾಡಿ ಬಂದನು. ಕೆರೆಯ ತಳ ತಟ್ಟೆಯಂತೆ ಮೇಲಕ್ಕೆ ಹೋದಂತೆಲ್ಲ ಅಗಲವಾಗುವುದರಿಂದ ಒಂದೊಂದು ಗೇಣಿನ ಏರಿಕೆಗೂ ಮೊದಲಿಗಿಂತ ಹೆಚ್ಚು ನೀರು ಬೇಕು. ಅಣ್ಣನ ಓದನ್ನು ನಿಲ್ಲಿಸಿದ ಆ ಒಂದು ಗೇಣು ಬರಿಯ ಒಂದು ಗೇಣಲ್ಲ. ಅದು ಕೆರೆಯ ಅತ್ಯಂತ ಅಗಲವಾದ ಗೇಣು. ಇದನ್ನು ಅವನು ಲೆಕ್ಕದಿಂದ ತೋರಿಸಿದ್ದನು. ನೀರುಗಂಟಿಗೆ ಇದು ಲೆಕ್ಕವಿಲ್ಲದೆಯೇ ಗೊತ್ತಿತ್ತೆಂಬುದನ್ನೂ ಬರೆದಿದ್ದನು.

ನಾಲ್ಕು ಸಲ ತಿದ್ದಿದ ಮೇಲೆ ಅದು ಸಂಚಿಕೆಯಲ್ಲಿ ಅಚ್ಚಾಯಿತು. ಅದರ ಒಂದು ಪ್ರತಿಯನ್ನು ಅವನು ಊರಿಗೆ ಒಯ್ದು ನೀರುಗಂಟಿಗೆ ಓದಿ ಹೇಳಿದನಂತೆ. ಅವರು ಕೊನೆಯವರೆಗೂ ಕೇಳಿ, ಗುರುತುಗಳ ಸಂಖ್ಯೆ ಒಂಬತ್ತಲ್ಲ, ಹತ್ತು. ಅಡಿಯದು ಹೂಳಿನಲ್ಲಿ ಮುಚ್ಚಿಹೋಗಿದೆ ಎಂದು ತಿದ್ದಿದರಂತೆ. ಮುಂದಿನ ಲೇಖನಕ್ಕೆ ವಿಷಯ ಕೊಡಿರೆಂದು ಅವನು ಮತ್ತೆ ನಮ್ಮ ಬಾಗಿಲಿಗೆ ಬರಲಿಲ್ಲ. ಹೂಳನ್ನು ಕುರಿತು ಬರೆಯತೊಡಗಿದ್ದನು.